ಫಿಫಾ ಮತ್ತು ಲಂಚ: ಗೋವಾದ ಕನ್ನಡ ಫುಟ್‌ಬಾಲ್ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೋದ ಬೈನಾ, ಮಂಗೋರ್ ಹಿಲ್, ಜುವಾರಿನಗರದ ಕನ್ನಡ ಮನೆಗಳಲ್ಲಿ ಅಪ್ಪ ಕ್ರಿಕೆಟ್ ನೋಡುತ್ತಾನೆ, ಮಗ ಫುಟ್‌ಬಾಲ್ ಆಡುತ್ತಾನೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಇಲ್ಲಿ ಕೊಂಕಣಿಯಲ್ಲೇ ಪಾಸ್ ಕೇಳುತ್ತಾರೆ, ಕನ್ನಡದಲ್ಲಿ ಬೈದಾಡುತ್ತಾರೆ. ಮಕ್ಕಳನ್ನು ಮೈದಾನಕ್ಕೆ ಬಿಟ್ಟು ಗೋಡೆಯ ಮೇಲೆ ಕೂರುವ ನಮ್ಮಂಥವರ ವಾಟ್ಸಾಪ್ ಗುಂಪಿನಲ್ಲಿ ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಏಳುತ್ತವೆ. ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಗೋಳು ಬೇಡವೆಂದು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೋರ್ಟಿನಲ್ಲಿ ಸಾಬೀತಾದದ್ದನ್ನು ಸಾಬೀತಾದದ್ದು ಎಂದೂ, ಆರೋಪವನ್ನು ಆರೋಪ ಎಂದೂ ಹೇಳಿದ್ದೇನೆ. ಗುಂಪಿನಲ್ಲಿ ಫಾರ್ವರ್ಡ್ ಆಗುವ ಸಂದೇಶಗಳಲ್ಲಿ ಈ ಎರಡೂ ಕಲಸಿ ಹೋಗಿರುತ್ತವೆ.

ಫಿಫಾ ಲಂಚ ಅಂದರೆ ಮ್ಯಾಚ್ ಫಿಕ್ಸಿಂಗಾ? ವಿಶ್ವಕಪ್ ಫೈನಲ್ ಮೊದಲೇ ಬರೆದಿಟ್ಟದ್ದಾ?

ಅಲ್ಲ. ಫಿಕ್ಸಿಂಗ್ ಬೇರೆ ರೋಗ. ಅದು ಬೆಟ್ಟಿಂಗ್‌ನವರು ಆಟಗಾರರಿಗೋ ರೆಫರಿಗೋ ಗಾಳ ಹಾಕುವ ವ್ಯವಹಾರ, ಹೆಚ್ಚಾಗಿ ಯಾರೂ ನೋಡದ ಸಣ್ಣ ಲೀಗ್‌ಗಳಲ್ಲಿ ನಡೆಯುವಂಥದ್ದು. ಫಿಫಾ ಹಗರಣದಲ್ಲಿ ದುಡ್ಡು ಓಡಾಡಿದ್ದು ಮೈದಾನದ ಹೊರಗೆ, ಸೂಟು ಹಾಕಿದವರ ನಡುವೆ. ಮಾರಾಟಕ್ಕಿದ್ದ ಸರಕು ಎರಡೇ: ಟಿವಿ ಮತ್ತು ಮಾರ್ಕೆಟಿಂಗ್ ಹಕ್ಕು ಒಂದು, ಓಟು ಇನ್ನೊಂದು. ಗೋಲು ಯಾರು ಹೊಡೆದರೂ ಇವರಿಗೆ ಲೆಕ್ಕವಿಲ್ಲ.

ಫಿಫಾ ಯಾರದ್ದು? ವಿಶ್ವಸಂಸ್ಥೆಯ ಹಾಗೆ ಸರ್ಕಾರಗಳದ್ದಾ?

ಯಾವ ಸರ್ಕಾರದ್ದೂ ಅಲ್ಲ. 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಖಾಸಗಿ ಸಂಘ. ಕಚೇರಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ನೋಂದಣಿ ಅಲ್ಲಿನ ಸಂಘಗಳ ಕಾನೂನಿನ ಕೆಳಗೆ. 211 ದೇಶ ಮತ್ತು ಪ್ರಾಂತ್ಯಗಳ ಫುಟ್‌ಬಾಲ್ ಸಂಸ್ಥೆಗಳು ಸದಸ್ಯರು. 2019ರಿಂದ 2022ರವರೆಗಿನ ನಾಲ್ಕು ವರ್ಷಗಳಲ್ಲಿ ಅದರ ಆದಾಯ ಸುಮಾರು 757 ಕೋಟಿ ಡಾಲರ್. ಹೆಸರಿಗೆ ಲಾಭದ ಉದ್ದೇಶವಿಲ್ಲದ ಸಂಸ್ಥೆ.

ಇಷ್ಟು ದುಡ್ಡಿಗಿಂತ ಮುಖ್ಯ ಸಂಗತಿ ಓಟಿನದು. ಒಂದು ಸಂಸ್ಥೆಗೆ ಒಂದು ಓಟು. 140 ಕೋಟಿ ಜನರ ಭಾರತಕ್ಕೂ ಒಂದೇ, ಸುಮಾರು ಐದು ಸಾವಿರ ಜನರಿರುವ ಕ್ಯಾರಿಬಿಯನ್ ದ್ವೀಪ ಮಾಂಟ್ಸೆರಾಟ್‌ಗೂ ಒಂದೇ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ವಿಶ್ವಕಪ್‌ನ ದುಡ್ಡು ಮೊದಲು ಜ್ಯೂರಿಕ್‌ಗೆ ಬಂದು, ಅಲ್ಲಿಂದ ಅಭಿವೃದ್ಧಿ ಅನುದಾನದ ಹೆಸರಲ್ಲಿ ಈ 211 ಸಂಸ್ಥೆಗಳಿಗೆ ಇಳಿಯುತ್ತದೆ. ಕೊಡುವ ಕೈ ಅಧ್ಯಕ್ಷನದು. ತೆಗೆದುಕೊಂಡವರೇ ಮತ್ತೆ ಅಧ್ಯಕ್ಷನನ್ನು ಆರಿಸುತ್ತಾರೆ. ಊರಿನ ಸಹಕಾರಿ ಸೊಸೈಟಿಯಲ್ಲಿ ಚುನಾವಣೆಗೆ ಮೊದಲು ಸಾಲ ಮಂಜೂರಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಪ್ರಕಾರ ಫಿಫಾದ ರೋಗದ ಬೇರು ಇಲ್ಲೇ ಇದೆ. ಜೈಲಿಗೆ ಹೋದವರೆಲ್ಲ ಆ ಬೇರಿನ ಮೇಲೆ ಎದ್ದ ಟೊಂಗೆಗಳು.

ಹಕ್ಕು ಮಾರುವುದರಲ್ಲಿ ಲಂಚ ಹೇಗೆ ನುಸುಳುತ್ತದೆ?

ಮೊದಲು ಹಕ್ಕು ಅಂದರೇನು ನೋಡಿ. 2010ರ ಡಿಸೆಂಬರ್‌ನಲ್ಲಿ ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ಕೊಟ್ಟಿತು. ಇದು ಬಹಿರಂಗ ಒಪ್ಪಂದ, ಇದರಲ್ಲಿ ಲಂಚದ ಮಾತಿಲ್ಲ. ಉದಾಹರಣೆಗೆ ಹೇಳಿದೆ, ಅಷ್ಟೇ. ಟಿವಿ, ಜಾಹೀರಾತು, ಪ್ರಾಯೋಜಕರು ಎಲ್ಲ ಸೇರಿದ ಗಂಟೊಂದನ್ನು ಕಂಪನಿ ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುತ್ತದೆ.

ಈಗ ದಕ್ಷಿಣ ಅಮೆರಿಕಕ್ಕೆ ಬನ್ನಿ. ಅಲ್ಲಿನ ಕೋಪಾ ಅಮೆರಿಕ ಟೂರ್ನಿಯ ಹಕ್ಕಿಗಾಗಿ ಮೂರು ಮಾರ್ಕೆಟಿಂಗ್ ಕಂಪನಿಗಳು ಕಿತ್ತಾಡುತ್ತಿದ್ದವು. 2013ರಲ್ಲಿ ರಾಜಿಯಾಗಿ ಡಾಟಿಸಾ ಎಂಬ ಒಂದೇ ಕಂಪನಿ ಕಟ್ಟಿಕೊಂಡವು. ಒಪ್ಪಂದದ ಮೊತ್ತ 31.75 ಕೋಟಿ ಡಾಲರ್. ಅಮೆರಿಕದ ಆರೋಪಪಟ್ಟಿಯ ಪ್ರಕಾರ ಇದರ ಬೆನ್ನಿಗೇ 11 ಕೋಟಿ ಡಾಲರ್ ಲಂಚಕ್ಕೂ ಒಪ್ಪಂದವಾಗಿತ್ತು. ಸಹಿಗೆ ಇಷ್ಟು, ಒಂದೊಂದು ಟೂರ್ನಿಗೆ ಇಷ್ಟು ಎಂದು ಕಂತು ಕಟ್ಟಿ, ದಕ್ಷಿಣ ಅಮೆರಿಕ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷನಿಗೆ ಎಷ್ಟು, ಬ್ರೆಜಿಲ್ ಮತ್ತು ಅರ್ಜೆಂಟೀನಾದವರಿಗೆ ಎಷ್ಟು, ಸಣ್ಣ ದೇಶದವರಿಗೆ ಎಷ್ಟು ಎಂದು ಪಾಲು ಹಾಕಿದ್ದರು. ಈ ಮೂರರಲ್ಲಿ ಒಂದಾದ ಟ್ರಾಫಿಕ್ ಕಂಪನಿಯ ಮಾಲೀಕ, ಬ್ರೆಜಿಲ್‌ನ ಜೋಸೆ ಹಾವಿಲಾ, ತಪ್ಪೊಪ್ಪಿಕೊಂಡು 15.1 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದ.

ಇದರಲ್ಲಿ ಕಳೆದುಕೊಂಡವರು ಯಾರು ಎಂದು ಕೇಳುತ್ತಾರೆ. ಲಂಚ ಕೊಟ್ಟವನು ಹಕ್ಕನ್ನು ಅಗ್ಗಕ್ಕೆ ಪಡೆಯುತ್ತಾನೆ. ಹಾಗಾಗಿ ಮೈದಾನಕ್ಕೆ, ಕೋಚ್‌ಗೆ, ಹುಡುಗಿಯರ ತಂಡಕ್ಕೆ ಹೋಗಬೇಕಿದ್ದ ದುಡ್ಡು ಒಬ್ಬನ ಖಾತೆಗೆ ಹೋಗುತ್ತದೆ.

ಐಎಸ್‌ಎಲ್ ಹಗರಣ ಅಂತ ಓದಿದೆ. ನಮ್ಮ ಎಫ್‌ಸಿ ಗೋವಾ ಆಡುವ ಐಎಸ್‌ಎಲ್ಲಾ?

ಅಲ್ಲ! ಇದನ್ನು ಕೇಳದ ಎಫ್‌ಸಿ ಗೋವಾ ಅಭಿಮಾನಿಯೇ ಇಲ್ಲ. ಅದು ಸ್ವಿಟ್ಜರ್ಲೆಂಡಿನ ಜುಗ್ ಪಟ್ಟಣದಲ್ಲಿದ್ದ ಒಂದು ಮಾರ್ಕೆಟಿಂಗ್ ಕಂಪನಿ, ಅಡಿಡಾಸ್ ಮನೆತನದ ಹೋರ್ಸ್ಟ್ ಡಾಸ್ಲರ್ ಹುಟ್ಟುಹಾಕಿದ್ದು. ವರ್ಷಗಟ್ಟಲೆ ವಿಶ್ವಕಪ್ ಹಕ್ಕುಗಳನ್ನು ಅದೇ ನಿಭಾಯಿಸುತ್ತಿತ್ತು. 2001ರಲ್ಲಿ ದಿವಾಳಿಯಾದಾಗ ಲೆಕ್ಕದ ಪುಸ್ತಕ ಬಿಚ್ಚಿಕೊಂಡವು. 1974ರಿಂದ 1998ರವರೆಗೆ ಫಿಫಾ ಅಧ್ಯಕ್ಷನಾಗಿದ್ದ ಬ್ರೆಜಿಲ್‌ನ ಜೋವಾ ಹ್ಯಾವಲಾಂಜ್‌ಗೆ 15 ಲಕ್ಷ ಸ್ವಿಸ್ ಫ್ರಾಂಕ್, ಆತನ ಒಂದು ಕಾಲದ ಅಳಿಯ ರಿಕಾರ್ಡೊ ಟೆಕ್ಸೇರಾಗೆ ಕನಿಷ್ಠ 1.27 ಕೋಟಿ ಫ್ರಾಂಕ್ ಸಂದಾಯವಾಗಿದ್ದನ್ನು 2012ರಲ್ಲಿ ಹೊರಬಂದ ಸ್ವಿಸ್ ಪ್ರಾಸಿಕ್ಯೂಟರ್ ದಾಖಲೆ ಹೇಳಿತು. ಶಿಕ್ಷೆ? ಆ ಕಾಲದಲ್ಲಿ ಖಾಸಗಿ ವ್ಯವಹಾರದಲ್ಲಿ ಇಂಥ ಕಮಿಷನ್ ತಿನ್ನುವುದು ಸ್ವಿಸ್ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಹ್ಯಾವಲಾಂಜ್ 2013ರಲ್ಲಿ ಗೌರವಾಧ್ಯಕ್ಷ ಸ್ಥಾನ ಬಿಟ್ಟ, ಅಷ್ಟೇ. ನೂರು ವರ್ಷ ಬಾಳಿ 2016ರಲ್ಲಿ ತೀರಿಕೊಂಡ.

2015ರಲ್ಲಿ ನಿಜಕ್ಕೂ ಏನಾಯಿತು?

ಮೇ 27ರ ನಸುಕಿನಲ್ಲಿ, ಫಿಫಾ ಅಧ್ಯಕ್ಷರ ಚುನಾವಣೆಗೆ ಎರಡು ದಿನ ಇರುವಾಗ, ಸ್ವಿಸ್ ಪೊಲೀಸರು ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿಗೆ ನುಗ್ಗಿದರು. ರಿಸೆಪ್ಶನ್‌ನಲ್ಲಿ ಕೋಣೆ ನಂಬರು ಕೇಳಿ, ಬಾಗಿಲು ತಟ್ಟಿ ಏಳು ಅಧಿಕಾರಿಗಳನ್ನು ಹಿಡಿದರು. ಹೋಟೆಲಿನ ಸಿಬ್ಬಂದಿ ಹಾಸಿಗೆಯ ಬಿಳಿ ಬೆಡ್‌ಶೀಟುಗಳನ್ನು ಅಡ್ಡ ಹಿಡಿದು ತಮ್ಮ ಅತಿಥಿಗಳ ಮುಖ ಕ್ಯಾಮೆರಾಕ್ಕೆ ಕಾಣದಂತೆ ಕಾರಿಗೆ ಹತ್ತಿಸಿದರು. ಆ ಫೋಟೊ ಜಗತ್ತೆಲ್ಲ ಸುತ್ತಿತು. ಹಕ್ಕು ಕೊಂಡ ಕಂಪನಿಗಳಲ್ಲೊಂದರ ಮುಖ್ಯಸ್ಥ, ಅರ್ಜೆಂಟೀನಾದ ಅಲೆಹಾಂದ್ರೊ ಬುರ್ಜಾಕೊ, ಆ ಹೊತ್ತಿಗೆ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದ. ಸದ್ದಿಲ್ಲದೆ ಎದ್ದು ಹೊರಟು, ಆಮೇಲೆ ಇಟಲಿಯಲ್ಲಿ ಶರಣಾದ. ಮುಂದೆ ಸರ್ಕಾರದ ಪರ ದೊಡ್ಡ ಸಾಕ್ಷಿಯಾದವನು ಇವನೇ.

ಅಮೆರಿಕದ ನ್ಯಾಯ ಇಲಾಖೆ ಅಂದು 14 ಮಂದಿಯ ಮೇಲೆ 47 ಆರೋಪಗಳನ್ನು ಹೊರಿಸಿತು. 24 ವರ್ಷಗಳಲ್ಲಿ 15 ಕೋಟಿ ಡಾಲರ್‌ಗೂ ಹೆಚ್ಚು ಲಂಚ ಎಂಬ ಲೆಕ್ಕ. ಇಷ್ಟಾದ ಮೇಲೆಯೂ ಮೇ 29ರ ಚುನಾವಣೆಯಲ್ಲಿ ಅಧ್ಯಕ್ಷ ಸೆಪ್ ಬ್ಲಾಟರ್ 133–73ರಲ್ಲಿ ಮುಂದಿದ್ದು ಮತ್ತೆ ಗೆದ್ದರು! ಎದುರಾಳಿ ಜೋರ್ಡಾನ್‌ನ ರಾಜಕುಮಾರ ಅಲಿ ಎರಡನೇ ಸುತ್ತಿಗೆ ನಿಲ್ಲಲಿಲ್ಲ. ಜೂನ್ 2ಕ್ಕೆ ಬ್ಲಾಟರ್ ತಾವೇ ಕುರ್ಚಿ ಬಿಡುವುದಾಗಿ ಹೇಳಿದರು. ಬಂಧನಕ್ಕಿಂತ ಆ 133 ಓಟುಗಳೇ ನನಗೆ ಹೆಚ್ಚು ಅರ್ಥ ಹೇಳುತ್ತವೆ.

2017ರಲ್ಲಿ ಬ್ರೂಕ್ಲಿನ್ ಕೋರ್ಟಿನ ಜ್ಯೂರಿ ದಕ್ಷಿಣ ಅಮೆರಿಕ ಒಕ್ಕೂಟದ ಮಾಜಿ ಅಧ್ಯಕ್ಷ ಹುವಾನ್ ಆಂಹೆಲ್ ನಾಪೌಟ್, ಬ್ರೆಜಿಲ್ ಫುಟ್‌ಬಾಲ್‌ನ ಮಾಜಿ ಮುಖ್ಯಸ್ಥ ಜೋಸೆ ಮರಿಯಾ ಮರಿನ್ ಇಬ್ಬರನ್ನೂ ತಪ್ಪಿತಸ್ಥರೆಂದಿತು. ನಾಪೌಟ್‌ಗೆ ಒಂಬತ್ತು ವರ್ಷ, ಮರಿನ್‌ಗೆ ನಾಲ್ಕು ವರ್ಷ ಜೈಲು. ಪೆರುವಿನ ಮ್ಯಾನುಯೆಲ್ ಬುರ್ಗಾ ಖುಲಾಸೆಯಾದ. ಉಳಿದ ಬಹಳ ಮಂದಿ ವಿಚಾರಣೆಗೆ ಮೊದಲೇ ತಪ್ಪೊಪ್ಪಿಕೊಂಡಿದ್ದರು.

ಸ್ವಿಟ್ಜರ್ಲೆಂಡಿನ ಸಂಸ್ಥೆ, ದಕ್ಷಿಣ ಅಮೆರಿಕದ ಲಂಚ. ನಡುವೆ ಅಮೆರಿಕಕ್ಕೇನು ಕೆಲಸ?

ಡಾಲರ್. ದುಡ್ಡು ಡಾಲರ್‌ನಲ್ಲಿ ಹರಿದರೆ ಬಹುಪಾಲು ಅಮೆರಿಕದ ಬ್ಯಾಂಕುಗಳನ್ನು ದಾಟಿಯೇ ಹೋಗಬೇಕು. ಕೆಲವು ಮಾತುಕತೆ, ಸಹಿಗಳೂ ಆ ನೆಲದಲ್ಲೇ ಆಗಿದ್ದವು. ಉತ್ತರ ಮತ್ತು ಮಧ್ಯ ಅಮೆರಿಕ, ಕ್ಯಾರಿಬಿಯನ್ ಒಕ್ಕೂಟವಾದ ಕಾಂಕಕ್ಯಾಫ್‌ನ ಕಚೇರಿ ನ್ಯೂಯಾರ್ಕ್‌ನಲ್ಲಿತ್ತು. ಮಾಫಿಯಾ ಗುಂಪುಗಳನ್ನು ಮಟ್ಟಹಾಕಲು ಮಾಡಿದ್ದ ಕಾನೂನನ್ನೇ ಪ್ರಾಸಿಕ್ಯೂಟರ್‌ಗಳು ಇಲ್ಲಿ ಬಳಸಿದರು.

ಸಿಕ್ಕಿಬಿದ್ದದ್ದು ಹೇಗೆ? ಒಳಗಿನವರೇ ಹೇಳಿದರಾ?

ಹೌದು, ಚಕ್ ಬ್ಲೇಜರ್. 1990ರಿಂದ 2011ರವರೆಗೆ ಕಾಂಕಕ್ಯಾಫ್‌ನ ಪ್ರಧಾನ ಕಾರ್ಯದರ್ಶಿ. ಒಪ್ಪಂದಗಳಲ್ಲಿ ತನ್ನ ಪಾಲು ಹತ್ತು ಪರ್ಸೆಂಟ್ ಎಂದು ಬರೆಸಿಕೊಂಡಿದ್ದರಿಂದ ಮಿಸ್ಟರ್ ಟೆನ್ ಪರ್ಸೆಂಟ್ ಎಂದೇ ಹೆಸರು. (ಕರ್ನಾಟಕದ ಗುತ್ತಿಗೆದಾರರ ಸುದ್ದಿ ಓದಿಕೊಂಡವರು ನಮ್ಮ ಗುಂಪಿನಲ್ಲಿ ಹತ್ತೇನಾ ಎಂದು ನಕ್ಕರು.) ನ್ಯೂಯಾರ್ಕ್‌ನ ಟ್ರಂಪ್ ಟವರ್‌ನಲ್ಲಿ ಆತನಿಗೆ ಒಂದು ದೊಡ್ಡ ಫ್ಲ್ಯಾಟು, ಆತನ ಬೆಕ್ಕುಗಳು ಹೆಚ್ಚಾಗಿ ಬಳಸುತ್ತಿದ್ದ ಇನ್ನೊಂದು ಫ್ಲ್ಯಾಟು ಇತ್ತೆಂದು ಅಲ್ಲಿನ ಪತ್ರಿಕೆಗಳು ಬರೆದವು. ಬೆಕ್ಕಿನ ಮನೆಯ ಬಾಡಿಗೆ ತಿಂಗಳಿಗೆ ಆರು ಸಾವಿರ ಡಾಲರ್.

ವರ್ಷಗಟ್ಟಲೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸದಿದ್ದದ್ದೇ ಮುಳುವಾಯಿತು. 2011ರಲ್ಲಿ ಎಫ್‌ಬಿಐ ಮತ್ತು ತೆರಿಗೆ ಅಧಿಕಾರಿಗಳು ಎದುರು ನಿಂತಾಗ ಸಹಕರಿಸಲು ಒಪ್ಪಿದ. 2012ರ ಲಂಡನ್ ಒಲಿಂಪಿಕ್ಸ್ ವೇಳೆ ಕೀ ಚೈನಿನಲ್ಲಿ ಅಡಗಿಸಿದ ಮೈಕ್ ಹಿಡಿದು ಹಳೆಯ ಗೆಳೆಯರೊಂದಿಗೆ ಹರಟೆ ಹೊಡೆದ ಎಂಬ ವರದಿಯಿದೆ. 2013ರಲ್ಲಿ ತಪ್ಪೊಪ್ಪಿಕೊಂಡು, 2017ರಲ್ಲಿ ತೀರಿಕೊಂಡ.

ಕವರಿನಲ್ಲಿ ನಲವತ್ತು ಸಾವಿರ ಡಾಲರ್ ಕೊಟ್ಟರು ಅಂತಾರಲ್ಲ, ಅದು ಯಾವ ಪ್ರಕರಣ?

2011ರ ಮೇ, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್. ಏಷ್ಯಾ ಒಕ್ಕೂಟದ ಅಧ್ಯಕ್ಷ, ಕತಾರ್‌ನ ಮೊಹಮ್ಮದ್ ಬಿನ್ ಹಮ್ಮಾಮ್ ಬ್ಲಾಟರ್ ವಿರುದ್ಧ ಸ್ಪರ್ಧೆಗೆ ಇಳಿದಿದ್ದರು. ಕ್ಯಾರಿಬಿಯನ್ ದ್ವೀಪಗಳ ಅಧಿಕಾರಿಗಳನ್ನು ಹಯಾತ್ ಹೋಟೆಲಿಗೆ ಕರೆಸಿ ಭಾಷಣ ಮಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಕಂದು ಬಣ್ಣದ ಕವರು ಕೈಗಿಡಲಾಯಿತು. ಬಹಾಮಾಸ್ ಫುಟ್‌ಬಾಲ್ ಸಂಸ್ಥೆಯ ಉಪಾಧ್ಯಕ್ಷ ಫ್ರೆಡ್ ಲನ್ ಕವರು ಒಡೆದಾಗ ನೂರರ ನೋಟಿನ ನಾಲ್ಕು ಕಟ್ಟುಗಳು ಹೊರಬಿದ್ದವು. ಆತ ತಮ್ಮ ಅಧ್ಯಕ್ಷನಿಗೆ ಫೋನ್ ಮಾಡಿ, ನೋಟಿನ ಫೋಟೊ ತೆಗೆದು, ಕವರನ್ನು ವಾಪಸ್ ಕೊಟ್ಟ. ಇಡೀ ಹಗರಣದಲ್ಲಿ ನನಗೆ ಇಷ್ಟವಾದ ಒಬ್ಬನೇ ಮನುಷ್ಯ.

ಬಿನ್ ಹಮ್ಮಾಮ್‌ಗೆ ಆಜೀವ ನಿಷೇಧವಾಯಿತು. ಸಾಕ್ಷ್ಯ ಸಾಲದೆಂದು ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ತೆಗೆದುಹಾಕಿತು. ಅದೇ ವರ್ಷದ ಕೊನೆಗೆ ಬೇರೆ ಪ್ರಕರಣದಲ್ಲಿ ಮತ್ತೆ ಆಜೀವ ನಿಷೇಧ. ಸಭೆ ಕರೆದಿದ್ದ ಕಾಂಕಕ್ಯಾಫ್ ಅಧ್ಯಕ್ಷ ಜಾಕ್ ವಾರ್ನರ್ ಎಲ್ಲ ಹುದ್ದೆ ಬಿಟ್ಟರು, ಫಿಫಾ ತಕ್ಷಣ ತನಿಖೆ ಮುಚ್ಚಿತು. 2015ರಲ್ಲಿ ಅವರಿಗೂ ಆಜೀವ ನಿಷೇಧ. ಟ್ರಿನಿಡಾಡ್‌ನಲ್ಲಿ ಫಿಫಾ ದುಡ್ಡಿನಿಂದ ಎದ್ದ ತರಬೇತಿ ಕೇಂದ್ರದ ಜಾಗ ವಾರ್ನರ್ ಅವರದೇ ಕಂಪನಿಗಳ ಹೆಸರಲ್ಲಿತ್ತೆಂದು ಕಾಂಕಕ್ಯಾಫ್‌ನ ಸ್ವಂತ ಸಮಿತಿ 2013ರಲ್ಲಿ ವರದಿ ಕೊಟ್ಟಿತು. ವಾರ್ನರ್ ಆರೋಪಗಳನ್ನೆಲ್ಲ ತಳ್ಳಿಹಾಕುತ್ತಲೇ ಬಂದಿದ್ದಾರೆ.

ಕತಾರ್ ವಿಶ್ವಕಪ್ ಅನ್ನು ಲಂಚ ಕೊಟ್ಟೇ ಪಡೆಯಿತಾ? ನಮ್ಮವರು ಬಹಳ ಮಂದಿ ಅಲ್ಲಿ ದುಡಿಯುತ್ತಾರೆ, ಕೇಳುತ್ತಾರೆ.

ಕೋರ್ಟಿನಲ್ಲಿ ಸಾಬೀತಾಗಿಲ್ಲ. ಕತಾರ್ ನಿರಾಕರಿಸುತ್ತದೆ. ತಿಳಿದದ್ದು ಇಷ್ಟು: 2010ರ ಡಿಸೆಂಬರ್ 2ರಂದು 2018 ರಷ್ಯಾಕ್ಕೂ 2022 ಕತಾರ್‌ಗೂ ಹೋಯಿತು. ಓಟು ಹಾಕಿದ್ದು ಕಾರ್ಯಕಾರಿ ಸಮಿತಿಯ 22 ಮಂದಿ ಮಾತ್ರ. ಇರಬೇಕಿದ್ದದ್ದು 24. ಓಟು ಮಾರಲು ಸಿದ್ಧರಿದ್ದಾರೆಂದು ಬ್ರಿಟಿಷ್ ಪತ್ರಿಕೆಯೊಂದು ಮಾರುವೇಷದಲ್ಲಿ ಬಯಲು ಮಾಡಿದ್ದರಿಂದ ಇಬ್ಬರು ಮೊದಲೇ ಅಮಾನತಾಗಿದ್ದರು. ಕೊನೆಯ ಸುತ್ತಿನಲ್ಲಿ ಕತಾರ್ ಅಮೆರಿಕವನ್ನು 14–8ರಲ್ಲಿ ಸೋಲಿಸಿತು.

ಫಿಫಾ ತಾನೇ ನೇಮಿಸಿದ ಅಮೆರಿಕದ ವಕೀಲ ಮೈಕೆಲ್ ಗಾರ್ಸಿಯಾ 2014ರಲ್ಲಿ ವರದಿ ಕೊಟ್ಟರು. ಫಿಫಾ ಪೂರ್ತಿ ವರದಿ ಅಡಗಿಸಿ 42 ಪುಟದ ಸಾರಾಂಶ ಬಿಟ್ಟಿತು. ಅದು ತಮ್ಮ ವರದಿಯನ್ನು ತಿರುಚಿದೆ ಎಂದು ಗಾರ್ಸಿಯಾ ರಾಜೀನಾಮೆ ಕೊಟ್ಟರು. 2017ರಲ್ಲಿ ವರದಿ ಜರ್ಮನ್ ಪತ್ರಿಕೆಯ ಕೈಗೆ ಸಿಕ್ಕಮೇಲೆಯೇ ಫಿಫಾ ಪೂರ್ತಿ ಪ್ರಕಟಿಸಿದ್ದು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಹೊಸ ಆರೋಪಪಟ್ಟಿ ಟೆಕ್ಸೇರಾ ಮುಂತಾದವರು ಕತಾರ್‌ಗೆ ಓಟು ಹಾಕಲು ದುಡ್ಡು ಪಡೆದರೆಂದೂ, ವಾರ್ನರ್‌ಗೆ ರಷ್ಯಾ ಪರ ಓಟಿಗೆ 50 ಲಕ್ಷ ಡಾಲರ್ ಸಂದಿತೆಂದೂ ಹೇಳಿತು. ಅದು ಆರೋಪ. ನೆನಪಿರಲಿ.

ಇನ್ನೊಂದು ಮಾತು. ಕತಾರ್ ಬಗ್ಗೆ ಯುರೋಪಿನವರು ಉಪದೇಶಕ್ಕೆ ಕೂತಾಗ ಜರ್ಮನಿಯ 2006ರ ವಿಶ್ವಕಪ್ಪನ್ನೂ ಕೇಳಬೇಕು. 67 ಲಕ್ಷ ಯುರೋ ಒಂದು ಪಾವತಿ ಎಲ್ಲಿಗೆ, ಯಾಕೆ ಹೋಯಿತೆಂಬ ಸ್ವಿಸ್ ವಿಚಾರಣೆ 2020ರಲ್ಲಿ ಕಾಲಮಿತಿ ಮುಗಿದು ನಿಂತುಹೋಯಿತು.

ಬ್ಲಾಟರ್, ಪ್ಲಾಟಿನಿ ಜೈಲಿಗೆ ಹೋದರಾ?

ಇಲ್ಲ. 2011ರಲ್ಲಿ ಫಿಫಾದಿಂದ ಆಗಿನ ಯುರೋಪ್ ಒಕ್ಕೂಟದ ಅಧ್ಯಕ್ಷ ಮಿಶೆಲ್ ಪ್ಲಾಟಿನಿಗೆ ಸಂದ 20 ಲಕ್ಷ ಫ್ರಾಂಕ್ ಕಾರಣವಾಗಿ ಇಬ್ಬರಿಗೂ 2015ರಲ್ಲಿ ಎಂಟು ವರ್ಷ ನಿಷೇಧ ಬಿತ್ತು, ಆಮೇಲೆ ಅದು ಕಡಿಮೆಯಾಯಿತು. ಹಳೆಯ ಸಲಹೆಗಾರ ಕೆಲಸದ ಬಾಕಿ ಸಂಬಳ ಎಂದು ಇಬ್ಬರೂ ವಾದಿಸಿದರು. ಸ್ವಿಸ್ ಕೋರ್ಟು 2022ರಲ್ಲಿ, ಮೇಲ್ಮನವಿಯಲ್ಲಿ 2025ರಲ್ಲಿ ಇಬ್ಬರನ್ನೂ ಖುಲಾಸೆ ಮಾಡಿದೆ. ಜೈಲಿಗೆ ಹೋದರು ಎಂಬ ಫಾರ್ವರ್ಡ್ ಬಂದರೆ ಅಳಿಸಿಬಿಡಿ.

ಈಗ ಫಿಫಾ ಶುದ್ಧವಾಗಿದೆಯಾ?

ಕೆಲವು ಕಿಟಕಿ ತೆರೆದಿವೆ. 2016ರ ಸುಧಾರಣೆಯಲ್ಲಿ ಹಳೆಯ ಕಾರ್ಯಕಾರಿ ಸಮಿತಿ ಹೋಗಿ 37 ಸದಸ್ಯರ ಕೌನ್ಸಿಲ್ ಬಂತು. ಅಧ್ಯಕ್ಷನಿಗೆ ಮೂರು ಅವಧಿಯ ಮಿತಿ. ವಿಶ್ವಕಪ್ ಆತಿಥ್ಯದ ನಿರ್ಧಾರ ಎಲ್ಲ ಸದಸ್ಯ ಸಂಸ್ಥೆಗಳೂ ಸೇರುವ ಮಹಾಸಭೆಗೆ (ಫಿಫಾ ಕಾಂಗ್ರೆಸ್) ಹೋಯಿತು. 2018ರಲ್ಲಿ ಮಾಸ್ಕೋದಲ್ಲಿ 2026ರ ವಿಶ್ವಕಪ್‌ಗಾಗಿ ಅಮೆರಿಕ, ಕೆನಡಾ, ಮೆಕ್ಸಿಕೊ ಜಂಟಿ ಪ್ರಸ್ತಾಪ ಮೊರಾಕ್ಕೊವನ್ನು 134–65ರಲ್ಲಿ ಸೋಲಿಸಿದಾಗ ಯಾರ ಓಟು ಯಾರಿಗೆ ಎಂಬುದೂ ಪ್ರಕಟವಾಯಿತು. ಇದು ದೊಡ್ಡ ಬದಲಾವಣೆಯೇ.

ಆಮೇಲೆ? 2017ರಲ್ಲಿ ನೈತಿಕ ಸಮಿತಿಯ ಎರಡೂ ಮುಖ್ಯಸ್ಥರನ್ನು ಬದಲಿಸಿದರು. ನೂರಾರು ಪ್ರಕರಣ ಬಾಕಿಯಿರುವಾಗ ತಮ್ಮನ್ನು ಕಿತ್ತರೆಂದು ಅವರು ದೂರಿದರು. ಈಗಿನ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಅವರ ಮೊದಲ ಮೂರು ವರ್ಷ ಅವಧಿಯ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು, ಹಾಗಾಗಿ 2031ರವರೆಗೂ ಅವರು ಇರಬಹುದು. 2019, 2023 ಎರಡೂ ಸಲ ಎದುರಾಳಿಯೇ ಇರಲಿಲ್ಲ, ಚಪ್ಪಾಳೆಯಲ್ಲೇ ಗೆದ್ದರು. 2034ರ ವಿಶ್ವಕಪ್‌ಗೆ ಸೌದಿ ಅರೇಬಿಯ ಒಂದೇ ಅರ್ಜಿದಾರ. 2024ರ ಡಿಸೆಂಬರ್ 11ರಂದು ಆನ್‌ಲೈನ್ ಸಭೆಯಲ್ಲಿ ಪ್ರತಿನಿಧಿಗಳು ಕ್ಯಾಮೆರಾದ ಮುಂದೆ ಚಪ್ಪಾಳೆ ತಟ್ಟಿ ಒಪ್ಪಿದರು. ಸ್ವಿಸ್ ಅಟಾರ್ನಿ ಜನರಲ್ ಜೊತೆಗಿನ ಗುಟ್ಟಿನ ಭೇಟಿಗಳ ಬಗ್ಗೆ ಇನ್ಫಾಂಟಿನೊ ಮೇಲೆ 2020ರಲ್ಲಿ ಶುರುವಾದ ತನಿಖೆ 2023ರಲ್ಲಿ ಆರೋಪವಿಲ್ಲದೆ ಮುಗಿಯಿತು, ಅದನ್ನೂ ಹೇಳಬೇಕು.

ಬೇರು ಮಾತ್ರ ಹಾಗೇ ಇದೆ. ಫಿಫಾ ದುಡ್ಡು ನಿಮ್ಮ ದುಡ್ಡು ಎಂದು 2016ರ ಚುನಾವಣಾ ಭಾಷಣದಲ್ಲಿ ಇನ್ಫಾಂಟಿನೊ ಹೇಳಿದಾಗ ಸಭಾಂಗಣ ಗುಡುಗಿತು. ಈಗ ನಾಲ್ಕು ವರ್ಷಕ್ಕೆ ಒಂದು ಸಂಸ್ಥೆಗೆ 80 ಲಕ್ಷ ಡಾಲರ್‌ವರೆಗೆ ಅನುದಾನ. ಇದು ಲಂಚವಲ್ಲ, ಲೆಕ್ಕಪತ್ರವಿದೆ, ಬಡ ದೇಶಗಳಿಗೆ ಮೈದಾನವೂ ಆಗುತ್ತದೆ. ಆದರೆ ಅನುದಾನದ ಪಟ್ಟಿ ಮತ್ತು ಮತದಾರರ ಪಟ್ಟಿ ಒಂದೇ ಆಗಿರುವವರೆಗೆ ಅಧ್ಯಕ್ಷನ ಎದುರು ನಿಲ್ಲುವ ಧೈರ್ಯ ಯಾರಿಗೆ ಬರುತ್ತದೆ?

2022ರಲ್ಲಿ ಭಾರತವನ್ನು ಫಿಫಾ ಅಮಾನತು ಮಾಡಿದ್ದು ಭ್ರಷ್ಟಾಚಾರಕ್ಕಾ?

ಅಲ್ಲ. ಹೊರಗಿನವರ ಹಸ್ತಕ್ಷೇಪಕ್ಕೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಅಧ್ಯಕ್ಷ ಪ್ರಫುಲ್ ಪಟೇಲ್ ಅವರ ಅವಧಿ ಮುಗಿದರೂ ಚುನಾವಣೆ ನಡೆದಿರಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಅವರನ್ನು ಇಳಿಸಿ ಆಡಳಿತ ಸಮಿತಿ ನೇಮಿಸಿತು. ಆಗಸ್ಟ್ ಮಧ್ಯದಲ್ಲಿ ಫಿಫಾ ಅಮಾನತು ಹೊರಡಿಸಿತು. ಗೋಕುಲಂ ಕೇರಳದ ಹುಡುಗಿಯರು ಏಷ್ಯಾ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿಯಾಗಿತ್ತು, ಆಡದೆ ವಾಪಸ್ಸಾದರು. ಅಕ್ಟೋಬರ್‌ನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೈತಪ್ಪುವ ಹಂತಕ್ಕೆ ಬಂದಿತ್ತು. ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣ ಅದರ ಮೂರು ತಾಣಗಳಲ್ಲಿ ಒಂದು, ಆದ್ದರಿಂದ ಗೋವಾದಲ್ಲಿ ಈ ಬಿಸಿ ಚೆನ್ನಾಗಿಯೇ ತಟ್ಟಿತು. ಆಗಸ್ಟ್ 26ಕ್ಕೆ ಅಮಾನತು ತೆರವಾಗಿ, ಟೂರ್ನಿ ಉಳಿಯಿತು.

ಮಾಜಿ ಆಟಗಾರರಿಗೆ 36 ಓಟು ಕೊಡುವ ಯೋಜನೆ ಈ ಗಲಾಟೆಯಲ್ಲಿ ಬಿದ್ದುಹೋಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ರಾಜ್ಯ ಸಂಸ್ಥೆಗಳಷ್ಟೇ ಓಟು ಹಾಕಿದವು. ಭಾರತ ತಂಡದ ಮಾಜಿ ನಾಯಕ ಭೈಚುಂಗ್ ಭುಟಿಯಾ 33–1ರಲ್ಲಿ ಕಲ್ಯಾಣ್ ಚೌಬೆ ಎದುರು ಸೋತರು. ಸರ್ಕಾರದ ಕೈಯಿಂದ ಆಟವನ್ನು ಕಾಯುವ ನಿಯಮ ಬೇಕೇ ಬೇಕು. ಅದೇ ನಿಯಮ ಕುರ್ಚಿ ಹಿಡಿದವರಿಗೂ ಗುರಾಣಿಯಾಗುತ್ತದೆ. ಎರಡೂ ನಿಜ.

ಲಂಚದ ದುಡ್ಡು ವಾಪಸ್ ಬಂತಾ?

ಒಂದಿಷ್ಟು. 2021ರಲ್ಲಿ ಅಮೆರಿಕ ಜಪ್ತಿ ಮಾಡಿದ ಹಣದಲ್ಲಿ 20.1 ಕೋಟಿ ಡಾಲರ್‌ವರೆಗೆ ಫಿಫಾ ಮತ್ತು ಎರಡು ಅಮೆರಿಕ ಖಂಡಗಳ ಒಕ್ಕೂಟಗಳಿಗೆ ಕೊಡಲು ಒಪ್ಪಿತು, ಅವರನ್ನು ವಂಚನೆಗೊಳಗಾದವರು ಎಂದು ಪರಿಗಣಿಸಿ.

ಮಗನ ಟ್ರಯಲ್ಸ್‌ಗೆ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಲಾ?

ಜ್ಯೂರಿಕ್ ಬಿಟ್ಟು ಬೈನಾಕ್ಕೆ ಬಂದಿರಿ, ಒಳ್ಳೆಯದು. ಕೊಡಬೇಡಿ. ಪ್ರವೇಶ ಶುಲ್ಕ ಇದ್ದರೆ ಕ್ಲಬ್ಬಿನ ಹೆಸರಿನ ರಸೀದಿ ಇರಬೇಕು, ದುಡ್ಡು ಕ್ಲಬ್ಬಿನ ಖಾತೆಗೆ ಹೋಗಬೇಕು. ವ್ಯಕ್ತಿಯ ಫೋನ್ ನಂಬರಿಗೆ ಹೋಗುವುದು ಶುಲ್ಕವಲ್ಲ. ತಂಡದಲ್ಲಿ ಜಾಗ ಖಾತ್ರಿ ಎಂದವನ ಮಾತನ್ನು ನಂಬಲೇಬೇಡಿ. ಕ್ಲಬ್ಬು ಗೋವಾ ಫುಟ್‌ಬಾಲ್ ಅಸೋಸಿಯೇಶನ್‌ನಲ್ಲಿ ನೋಂದಣಿಯಾಗಿದೆಯೇ ವಿಚಾರಿಸಿ. ಹುಡುಗನ ಹೆಸರು ಫೆಡರೇಶನ್‌ನ ಆನ್‌ಲೈನ್ ನೋಂದಣಿ ವ್ಯವಸ್ಥೆಗೆ ಏರಿದೆಯೇ ಕ್ಲಬ್ಬಿನವರ ಬಳಿ ತೋರಿಸಲು ಹೇಳಿ.

ಜನ್ಮ ದಾಖಲೆ ತಿದ್ದಿ ವಯಸ್ಸು ಇಳಿಸೋಣ ಎಂಬ ಸಲಹೆ ಬಂದರೆ ಇನ್ನೂ ದೂರ ಇರಿ. ಊರಿನ ಶಾಲೆಯ ದಾಖಲೆ ಒಂದು, ಇಲ್ಲಿನ ಆಧಾರ್ ಇನ್ನೊಂದು ಆಗಿ ನಮ್ಮ ಮಕ್ಕಳು ಈ ವಿಚಾರದಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ನಿಷೇಧ ಬೀಳುವುದು ಸಲಹೆ ಕೊಟ್ಟವನಿಗಲ್ಲ, ಹುಡುಗನಿಗೆ. ಕೇಳಿದ ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕ್ಲಬ್ಬಿನ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡಿ. ಅವರೇ ಶಾಮೀಲಾಗಿದ್ದರೆ ಅಸೋಸಿಯೇಶನ್‌ಗೆ, ದುಡ್ಡು ಈಗಾಗಲೇ ಕೊಟ್ಟು ಮೋಸಹೋಗಿದ್ದರೆ ಪೊಲೀಸ್ ಠಾಣೆಗೆ. ದೂರು ಬರೆಯಲು ಇಂಗ್ಲಿಷ್ ತೊಡಕಾದರೆ ಗುಂಪಿನಲ್ಲಿ ಹೇಳಿ, ಬರೆದುಕೊಡುವವರಿದ್ದಾರೆ.